ಭೂಗೋಳದ ತಳದಿಂದ ನಾಳೆಯ ಕಥೆಗಳು

ಮಕ್ಕಳೇ, ಆಸ್ಟ್ರೇಲಿಯಾ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಕಾಂಗರೂ, ಕೋಲಾ, ಬಾಕ್ಸಿಂಗ್ ಡೇ ಟೆಸ್ಟ್ ಪಂದ್ಯ. ನಿಮ್ಮ ಅಜ್ಜನನ್ನು ಕೇಳಿದರೆ ಬ್ರಾಡ್ಮನ್ ಹೆಸರು ಹೇಳಿಯಾರು. ಆ ನಾಡಿನಲ್ಲಿ ಇನ್ನೊಂದು ಬೆಳೆಯೂ ಹುಲುಸಾಗಿ ಬೆಳೆದಿದೆ. ಅದು ವೈಜ್ಞಾನಿಕ ಸಣ್ಣಕಥೆ.

ಈ ಕಥೆಗಳನ್ನು ಓದಲು ಸುಲಭದ ದಾರಿ ಎಂದರೆ ಕಥಾ ಸಂಕಲನ. ಹಬ್ಬದೂಟದ ಬಾಳೆಎಲೆಯ ಹಾಗೆ ಅದು. ಒಂದು ತುದಿಯಲ್ಲಿ ಕೋಸಂಬರಿ, ಇನ್ನೊಂದು ಕಡೆ ಪಲ್ಯ, ನಡುವೆ ಒಂದಿಷ್ಟು ಪಾಯಸ. ಒಂದು ರುಚಿಸದಿದ್ದರೆ ಪಕ್ಕದ್ದಕ್ಕೆ ಕೈ ಹಾಕಬಹುದು. ಒಂದು ಪುಸ್ತಕದಲ್ಲಿ ಹತ್ತಿಪ್ಪತ್ತು ಲೇಖಕರ ಪರಿಚಯವೂ ಆಗುತ್ತದೆ.

ಅಲ್ಲಿನ ಲೇಖಕರು ಮೊದಲು ತಮ್ಮ ಕಥೆಗಳನ್ನು ಬಹುಮಟ್ಟಿಗೆ ಅಮೆರಿಕ, ಇಂಗ್ಲೆಂಡಿನ ಪತ್ರಿಕೆಗಳಿಗೇ ಕಳುಹಿಸುತ್ತಿದ್ದರು. 1968ರಲ್ಲಿ ಜಾನ್ ಬ್ಯಾಕ್ಸ್‌ಟರ್ ಎಂಬವರು ‘ದಿ ಪೆಸಿಫಿಕ್ ಬುಕ್ ಆಫ್ ಆಸ್ಟ್ರೇಲಿಯನ್ ಸೈನ್ಸ್ ಫಿಕ್ಷನ್’ ಎಂಬ ಸಂಕಲನ ತಂದರು. ಚದುರಿದ್ದ ಕಥೆಗಳು ಒಂದೇ ರಟ್ಟಿನೊಳಗೆ ಬಂದಾಗ, ‘ನಮ್ಮದೂ ಒಂದು ಬಳಗವಿದೆ’ ಎಂಬ ಧೈರ್ಯ ಮೂಡಿತು. 1971ರಲ್ಲಿ ಎರಡನೆಯ ಸಂಪುಟವೂ ಬಂತು. ಮುಂದೆ 1982ರಲ್ಲಿ ವ್ಯಾನ್ ಇಕಿನ್ ಎಂಬ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ಬರಹಗಳನ್ನೂ ಹುಡುಕಿ ತೆಗೆದು ಇನ್ನೊಂದು ಸಂಕಲನ ಮಾಡಿದರು. ವಲಸೆ ಬಂದ ಯುರೋಪಿನವರಿಗೆ ಖಂಡದ ಒಳನಾಡು ಏನೆಂದೇ ಗೊತ್ತಿಲ್ಲದ ಕಾಲವದು. ಆ ಮರುಭೂಮಿಯ ಆಚೆ ಗುಪ್ತ ರಾಜ್ಯಗಳಿರಬಹುದು ಎಂದು ಅಂದಿನ ಕಥೆಗಾರರು ಕಲ್ಪಿಸುತ್ತಿದ್ದರು.

ನನಗೆ ಬಹಳ ಇಷ್ಟವಾದದ್ದು 1975ರ ಒಂದು ಪ್ರಸಂಗ. ಆ ವರ್ಷ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ಮೊದಲ ಬಾರಿಗೆ ಆಸ್ಟ್ರೇಲಿಯಾದಲ್ಲಿ, ಮೆಲ್ಬರ್ನ್ ನಗರದಲ್ಲಿ ನಡೆಯಿತು. ಮುಖ್ಯ ಅತಿಥಿ ಅಮೆರಿಕದ ಪ್ರಸಿದ್ಧ ಲೇಖಕಿ ಅರ್ಸುಲಾ ಲೆ ಗ್ವಿನ್. ಬಂದವರು ಭಾಷಣ ಮಾಡಿ, ಹಾರ ಹಾಕಿಸಿಕೊಂಡು ಹೋಗಿಬಿಡಲಿಲ್ಲ. ಸಮ್ಮೇಳನಕ್ಕೆ ಮುಂಚೆ ಊರಾಚೆಯ ಡ್ಯಾಂಡೆನಾಂಗ್ ಬೆಟ್ಟಸಾಲಿನಲ್ಲಿ ಹೊಸ ಬರಹಗಾರರ ಜೊತೆ ಕೂತು ಕಮ್ಮಟ ನಡೆಸಿದರು. ಶಿಬಿರಾರ್ಥಿಗಳು ಕಥೆ ಬರೆಯುವುದು, ಒಬ್ಬರದ್ದನ್ನು ಇನ್ನೊಬ್ಬರು ಓದುವುದು, ಮುಲಾಜಿಲ್ಲದೆ ವಿಮರ್ಶಿಸುವುದು. ಆ ಕಥೆಗಳನ್ನು ಲೀ ಹಾರ್ಡಿಂಗ್ ಎಂಬ ಲೇಖಕರು 1976ರಲ್ಲಿ ‘ದಿ ಆಲ್ಟರ್ಡ್ ಐ’ ಎಂಬ ಪುಸ್ತಕವಾಗಿಸಿದರು. ಕಥೆಗಳ ಜೊತೆಗೆ ಬರವಣಿಗೆಯ ಅಭ್ಯಾಸಗಳು, ಗೆಳೆಯರು ಮಾಡಿದ ಟೀಕೆಗಳು ಕೂಡ ಅದರಲ್ಲಿವೆ. ಸಾಮಾನ್ಯವಾಗಿ ನಮ್ಮ ಎದುರಿಗೆ ಬರುವುದು ಬೆಂದ ಅಡುಗೆ ಮಾತ್ರ; ಇಲ್ಲಿ ಅಡುಗೆಮನೆಯ ಬಾಗಿಲೇ ತೆರೆದಿದೆ. ಕಥೆ ಬರೆಯುವ ಆಸೆಯಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಇನ್ನು ಹಿರಿಯರಿಗಾಗಿ ಒಂದು ಮಾತು. ಜಾರ್ಜ್ ಟರ್ನರ್ ಎಂಬ ಕಾದಂಬರಿಕಾರರು ಹುಟ್ಟಿದ್ದು 1916ರಲ್ಲಿ. ಸಾಮಾಜಿಕ ಕಾದಂಬರಿಗಳನ್ನು ಬರೆದು ಆ ದೇಶದ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಮೈಲ್ಸ್ ಫ್ರಾಂಕ್ಲಿನ್ ಬಹುಮಾನದಲ್ಲಿ ಪಾಲು ಪಡೆದಿದ್ದರು. ಅವರ ಮೊದಲ ವೈಜ್ಞಾನಿಕ ಕಾದಂಬರಿ ಹೊರಬಂದದ್ದು 1978ರಲ್ಲಿ, ಅಂದರೆ ಅರವತ್ತು ದಾಟಿದ ಮೇಲೆ! ನಾವೆಲ್ಲ ಪಿಂಚಣಿ ಲೆಕ್ಕ ಹಾಕುತ್ತಾ ಜಗುಲಿಯಲ್ಲಿ ಕೂರುವ ವಯಸ್ಸದು. 1985ರಲ್ಲಿ ‘ಅರ್ಬನ್ ಫ್ಯಾಂಟಸೀಸ್’ ಎಂಬ ಸಂಕಲನಕ್ಕೆ ಅವರು ‘ದಿ ಫಿಟ್ಟೆಸ್ಟ್’ ಎಂಬ ಕಥೆ ಕೊಟ್ಟರು. ಅದೇ ಬೀಜ ಮೊಳೆತು 1987ರಲ್ಲಿ ‘ದಿ ಸೀ ಅಂಡ್ ಸಮ್ಮರ್’ ಕಾದಂಬರಿಯಾಯಿತು. ಮರುವರ್ಷ ಅದಕ್ಕೆ ಇಂಗ್ಲೆಂಡಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಬಂತು. ಭೂಮಿ ಬಿಸಿಯಾಗಿ, ಕಡಲು ಏರಿ, ಮೆಲ್ಬರ್ನ್ ನಗರದ ಬಡವರ ಎತ್ತರದ ಕಟ್ಟಡಗಳಿಗೆ ನೀರು ನುಗ್ಗುವ ಕಥೆ ಅದು.

ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಬಡಾವಣೆಯ ಗ್ರಂಥಾಲಯದಿಂದ ಇಂಥ ಪುಸ್ತಕಗಳನ್ನು ತಂದು ಓದುತ್ತಿದ್ದೆ. ಮೊಮ್ಮಗಳಿಗೆ ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತದೆ. ರಾತ್ರಿ ಅವಳಿಗೆ ಈ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಾ, ನಮ್ಮನೇನೂ ಮುಳುಗುತ್ತಾ?” ಎಂದಳು. ಏನೂ ಆಗಲ್ಲ, ಮಲಗು ಎನ್ನಬಹುದಿತ್ತು. ಆದರೆ ಕಡಲಮಟ್ಟ ಏರುತ್ತಿರುವುದು ನಿಜ. ನಾಳೆ ಆ ನಗರದಲ್ಲಿ ಬದುಕಬೇಕಾದವಳೂ ಅವಳೇ. “ಕಥೆ ಅಂದ್ರೆ ಜ್ಯೋತಿಷ್ಯ ಅಲ್ಲ ಪುಟ್ಟೀ, ಎಚ್ಚರಿಕೆ. ಹಾಗಾಗದಿರಲಿ ಅಂತಾನೇ ಒಬ್ಬ ಅಜ್ಜ ಇದನ್ನು ಬರೆದಿದ್ದು” ಎಂದೆ. ಮಾರನೆಯ ದಿನ ಸಮುದ್ರ ಏಕೆ ಏರುತ್ತದೆ ಎಂದು ಇಬ್ಬರೂ ಕೂತು ಓದಿದೆವು. ಬಿಸಿಯಾದ ನೀರು ಹಿಗ್ಗುತ್ತದೆ, ನೆಲದ ಮೇಲಿನ ಹಿಮ ಕರಗಿ ಕಡಲು ಸೇರುತ್ತದೆ. ಅವಳ ಭಯ ಪ್ರಶ್ನೆಯಾಯಿತು. ಒಳ್ಳೆಯ ವೈಜ್ಞಾನಿಕ ಕಥೆ ಮಾಡುವ ಕೆಲಸವೇ ಇದು ಎಂದು ನನಗನ್ನಿಸುತ್ತದೆ.

ಟರ್ನರ್ 1997ರಲ್ಲಿ ತೀರಿಕೊಂಡರು. ಅವರು ಪೂರ್ತಿ ಮಾಡದೆ ಉಳಿದಿದ್ದ ಬರಹವೊಂದು 1998ರ ‘ಡ್ರೀಮಿಂಗ್ ಡೌನ್-ಅಂಡರ್’ ಎಂಬ ದಪ್ಪ ಸಂಕಲನದಲ್ಲಿ ಸೇರಿತು. ಜಾಕ್ ಡ್ಯಾನ್ ಮತ್ತು ಜನೀನ್ ವೆಬ್ ದಂಪತಿ ಸಂಪಾದಿಸಿದ ಈ ಪುಸ್ತಕಕ್ಕೆ ಮರುವರ್ಷ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ದೊರೆಯಿತು. ಭೂಗೋಳದ ತಳದಲ್ಲಿರುವ ನಾಡಿನ ಕಡೆ ಜಗತ್ತು ತಿರುಗಿ ನೋಡಿತು.

ಆದರೆ ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಕಥೆ ಹೇಳುತ್ತಾ ಬಂದವರು ಅಲ್ಲಿನ ಮೂಲನಿವಾಸಿಗಳು. ಅವರದೇ ಕಲ್ಪನಾ ಕಥೆಗಳ ಸಂಕಲನ ಬರಲು 2022ರ ತನಕ ಕಾಯಬೇಕಾಯಿತು. ಮೈಕೇಲಾ ಸಾಂಡರ್ಸ್ ಸಂಪಾದಿಸಿದ ಅದರ ಹೆಸರು ‘ದಿಸ್ ಆಲ್ ಕಮ್ ಬ್ಯಾಕ್ ನೌ’. ತಡವಾದರೂ ಆ ದನಿ ಸೇರಿದ್ದರಿಂದಲೇ ಎಲೆ ತುಂಬಿತು.

ನಮಗೂ ಈ ಬಳಗದಲ್ಲಿ ನಂಟಿದೆ. 2012ರ ಕೊನೆಯಲ್ಲಿ ದೆಹಲಿಯಲ್ಲಿ ಯುವತಿಯೊಬ್ಬಳ ಮೇಲೆ ನಡೆದ ಕ್ರೌರ್ಯಕ್ಕೆ ದೇಶವೇ ಮರುಗಿತು. ಹೆಣ್ಣುಮಕ್ಕಳಿಗೆ ಬೇರೆಯದೇ ಒಂದು ನಾಳೆಯನ್ನು ಕಲ್ಪಿಸೋಣ ಎಂದು ಎರಡೂ ದೇಶಗಳ ಲೇಖಕಿಯರು, ಚಿತ್ರಕಾರ್ತಿಯರು ಕೈಜೋಡಿಸಿದರು. ಕರ್ಸ್ಟಿ ಮರ್ರೆ, ಪಾಯಲ್ ಧರ್, ಅನಿತಾ ರಾಯ್ ಸಂಪಾದಿಸಿದ ‘ಈಟ್ ದಿ ಸ್ಕೈ, ಡ್ರಿಂಕ್ ದಿ ಓಷನ್’ 2014ರಲ್ಲಿ ದೆಹಲಿಯಲ್ಲೂ ಮರುವರ್ಷ ಆಸ್ಟ್ರೇಲಿಯಾದಲ್ಲೂ ಪ್ರಕಟವಾಯಿತು. ಹದಿಹರೆಯದವರಿಗಾಗಿಯೇ ಮಾಡಿದ ಪುಸ್ತಕ. ಬೆಂಗಳೂರಿನ ಸಂಹಿತಾ ಅರ್ಣಿ ಅವರ ಕಥೆಯೂ ಇದೆ. ಒಂದು ಕಥೆಯಲ್ಲಿ ಕೆಂಪು ಟೋಪಿಯ ಪುಟ್ಟ ಹುಡುಗಿಯ ಹಳೆಯ ಕಥೆ ಬರಗಾಲದ ಸಿಡ್ನಿಗೆ ಬಂದಿದೆ. ಇನ್ನೊಂದರಲ್ಲಿ ಅಡುಗೆ ಸ್ಪರ್ಧಿಗಳು ಕಾಲಯಾನ ಮಾಡುತ್ತಾರೆ! ಹೈಸ್ಕೂಲು ಮಕ್ಕಳು ಇದರಿಂದಲೇ ಶುರುಮಾಡಬಹುದು.

ಒಬ್ಬರು ಕಥೆ ಬರೆದರೆ ಒಂದು ಪುಟ. ಹತ್ತು ಜನ ಬರೆದು ಯಾರಾದರೊಬ್ಬರು ಜೋಡಿಸಿದರೆ ಒಂದು ಪುಸ್ತಕ. ಈ ರಜೆಯಲ್ಲಿ ನಿಮ್ಮ ಮನೆಯಲ್ಲೇ ಪ್ರಯತ್ನಿಸಿ. ನಿಮ್ಮ ಊರು ನೂರು ವರ್ಷದ ಮೇಲೆ ಹೇಗಿದ್ದೀತು ಎಂದು ಎಲ್ಲರೂ ಎರಡೆರಡು ಪುಟ ಬರೆಯಿರಿ. ಕೆರೆ ಇರುತ್ತದೆಯೇ? ಬಸ್ ನಿಲ್ದಾಣದಲ್ಲಿ ಏನು ಬಂದು ಇಳಿಯುತ್ತದೆ? ಒಬ್ಬರದ್ದನ್ನು ಒಬ್ಬರು ಓದಿ, ಲೆ ಗ್ವಿನ್ ಶಿಬಿರದವರ ಹಾಗೆ ಮುಲಾಜಿಲ್ಲದೆ ಅಭಿಪ್ರಾಯ ಹೇಳಿ. ಆಮೇಲೆ ದಾರ ಹಾಕಿ ಹೊಲಿದುಬಿಡಿ. ಅಜ್ಜ–ಅಜ್ಜಿಯರೇ, ನಿಮಗೂ ವಿನಾಯಿತಿಯಿಲ್ಲ. ಟರ್ನರ್ ಅವರನ್ನು ನೆನೆದು ಪೆನ್ನು ಹಿಡಿಯಿರಿ.