ಕಲಿಯುವ ಕೈಗೆ ಕಾನೂನಿನ ಕಾವಲು: ಅಮೆರಿಕದ ಔಷಧ ವಿದ್ಯಾರ್ಥಿಗಳ ಇಂಟರ್ನ್ ಪರವಾನಗಿ

ವೈದ್ಯನು ಬರೆದುಕೊಟ್ಟ ಔಷಧವು ರೋಗಿಯನ್ನು ಸೇರುವ ಮುನ್ನ ಇನ್ನೊಬ್ಬನ ಕೈಯನ್ನು ಹಾದುಬರಬೇಕು. ಆ ಕೈ ನುರಿತದ್ದಾಗಿರಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಯಾವ ಕೈಯೂ ಹುಟ್ಟಿನಿಂದ ನುರಿತದ್ದಲ್ಲ. ನುರಿಯಬೇಕಾದರೆ ಅದು ಒಂದಲ್ಲ ಒಂದು ದಿನ ನಿಜವಾದ ರೋಗಿಯ ಔಷಧವನ್ನು ಮುಟ್ಟಲೇಬೇಕು. ಕಲಿಯುವವನಿಗೆ ಅವಕಾಶವನ್ನೂ ರೋಗಿಗೆ ರಕ್ಷಣೆಯನ್ನೂ ಏಕಕಾಲದಲ್ಲಿ ಒದಗಿಸುವುದು ಹೇಗೆ? ಈ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳು ಕಂಡುಕೊಂಡ ಉತ್ತರವೇ ವಿದ್ಯಾರ್ಥಿದೆಸೆಯಲ್ಲಿ ದೊರೆಯುವ ಇಂಟರ್ನ್ ಪರವಾನಗಿ. ಅದರ ಹುಟ್ಟನ್ನೂ ಸ್ವರೂಪವನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ತರುಣನು ಈ ವೃತ್ತಿಯನ್ನು ಕಲಿಯುತ್ತಿದ್ದುದು ಮದ್ದಿನಂಗಡಿಯಲ್ಲಿ. ಅಂಗಡಿಯ ಯಜಮಾನನೇ ಗುರು. ಕೆಲವು ವರ್ಷಗಳ ಉಮೇದುವಾರಿಯಲ್ಲಿ ಅವನು ಸೀಸೆಗಳನ್ನು ತೊಳೆದು, ಬೇರು ತೊಗಟೆಗಳನ್ನು ಕುಟ್ಟಿ, ಕ್ರಮೇಣ ಔಷಧಗಳನ್ನು ಬೆರೆಸುವ ಹದವನ್ನು ಅರಿಯುತ್ತಿದ್ದನು. ೧೮೨೧ರಲ್ಲಿ ಫಿಲಡೆಲ್ಫಿಯಾ ನಗರದ ಔಷಧ ವ್ಯಾಪಾರಿಗಳು ಕೂಡಿ ಆ ದೇಶದ ಮೊದಲ ಔಷಧ ಕಾಲೇಜನ್ನು ಸ್ಥಾಪಿಸಿದರು. ಆದರೆ ಅದು ಉಮೇದುವಾರಿಗೆ ಬದಲಾಗಿ ಬಂದುದಲ್ಲ; ಹಗಲು ಅಂಗಡಿಯಲ್ಲಿ ದುಡಿದವರಿಗೆ ಸಂಜೆ ಉಪನ್ಯಾಸಗಳನ್ನು ನೀಡಿದ ಪೂರಕ ಸಂಸ್ಥೆ. ಅಂಗಡಿಯ ಅನುಭವವಿಲ್ಲದವನಿಗೆ ಅಲ್ಲಿ ಪದವಿ ಸಲ್ಲುತ್ತಿರಲಿಲ್ಲ.

ಈ ಪದ್ಧತಿಯ ಗುಣದೋಷಗಳೆರಡೂ ಯಜಮಾನನನ್ನೇ ಅವಲಂಬಿಸಿದ್ದುವು. ಅವನು ವಿದ್ಯಾವಂತನಾಗಿದ್ದರೆ ಹುಡುಗನಿಗೆ ವಿದ್ಯೆ. ಇಲ್ಲವಾದರೆ ಅಂಗಡಿಗೆ ಅಗ್ಗದ ಆಳು. ಇವರಿಬ್ಬರ ಒಪ್ಪಂದದಲ್ಲಿ ಮೂರನೆಯವನಾದ ರೋಗಿಗೆ ಸ್ಥಾನವೇ ಇರಲಿಲ್ಲ. ಕ್ವಿನೈನ್ ಮತ್ತು ಮಾರ್ಫೀನ್ ಎರಡೂ ಬಿಳಿಯ ಪುಡಿಗಳು, ಎರಡೂ ಕಹಿ. ಒಂದರ ಬದಲು ಇನ್ನೊಂದನ್ನು ಕಟ್ಟಿಕೊಟ್ಟರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ.

೧೮೬೮ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯವು ಹೊಸ ದಾರಿಯೊಂದನ್ನು ತುಳಿಯಿತು. ಅಲ್ಬರ್ಟ್ ಪ್ರೆಸ್ಕಾಟ್ ಎಂಬ ವಿದ್ವಾಂಸನು ಅಲ್ಲಿ ರೂಪಿಸಿದ ಪಾಠಕ್ರಮದಲ್ಲಿ ವಿದ್ಯಾರ್ಥಿಯು ಹಗಲೆಲ್ಲ ಪ್ರಯೋಗಶಾಲೆಯಲ್ಲಿ ದುಡಿಯಬೇಕಾಗಿತ್ತು. ಆದರೆ ಪದವಿಗೆ ಅಂಗಡಿಯ ಉಮೇದುವಾರಿ ಅಗತ್ಯವೆನಿಸಲಿಲ್ಲ. ವೃತ್ತಿಯ ಹಿರಿಯರು ಇದನ್ನು ಸಹಿಸಲಿಲ್ಲ. ೧೮೭೧ರಲ್ಲಿ ಅಮೆರಿಕದ ಔಷಧ ಸಂಘವು ಪ್ರೆಸ್ಕಾಟನನ್ನು ಪ್ರತಿನಿಧಿಯೆಂದು ಅಂಗೀಕರಿಸಲು ನಿರಾಕರಿಸಿತು. ಆದರೆ ೧೯೦೦ರಲ್ಲಿ ಔಷಧ ಬೋಧಕ ಸಂಸ್ಥೆಗಳು ಒಂದು ಸಮ್ಮೇಳನವಾಗಿ ಕೂಡಿದಾಗ ಅದರ ಮೊದಲ ಅಧ್ಯಕ್ಷನಾದವನು ಅದೇ ಪ್ರೆಸ್ಕಾಟನು! ಮೂವತ್ತು ವರ್ಷಗಳಲ್ಲಿ ಕಾಲೇಜಿನ ಪಕ್ಷವು ಗೆದ್ದಿತೆನ್ನಬಹುದು. ಆದರೆ ಅಂಗಡಿಯ ಪಕ್ಷವು ಸೋಲಲಿಲ್ಲವೆಂಬುದನ್ನು ಮುಂದೆ ಕಾಣುತ್ತೇವೆ.

ಇದೇ ಅವಧಿಯಲ್ಲಿ ಸರ್ಕಾರವೂ ರಂಗಕ್ಕಿಳಿಯಿತು. ೧೮೭೦ರಲ್ಲಿ ರೋಡ್ ಐಲೆಂಡ್ ಸಂಸ್ಥಾನವು ಔಷಧ ವೃತ್ತಿಗೆ ಶಾಸನವನ್ನೂ ಮಂಡಲಿಯನ್ನೂ ಏರ್ಪಡಿಸಿತು. ಇತರ ಸಂಸ್ಥಾನಗಳು ಅದನ್ನು ಅನುಸರಿಸಿದುವು. ೧೯೦೪ರಲ್ಲಿ ಈ ಮಂಡಲಿಗಳ ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ೧೯೦೫ರಿಂದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಪರವಾನಗಿಗೆ ಕಾಲೇಜಿನ ಪದವಿಯೂ ಅವಶ್ಯಕವಾಯಿತು. ಹೀಗೆ ಪದವಿಯನ್ನು ಕೊಡುವುದು ಕಾಲೇಜಿನ ಕೆಲಸವೆಂದೂ, ವೃತ್ತಿಯ ಅನುಮತಿಯನ್ನು ಕೊಡುವುದು ಮಂಡಲಿಯ ಕೆಲಸವೆಂದೂ ವಿಭಾಗವಾಯಿತು.

ಈಗಿನ ಪದ್ಧತಿ ಈ ವಿಭಾಗದ ಫಲ. ಮಾನ್ಯತೆ ಪಡೆದ ಔಷಧ ಕಾಲೇಜಿಗೆ ಸೇರಿದ ವಿದ್ಯಾರ್ಥಿಯು ತನ್ನ ಸಂಸ್ಥಾನದ ಮಂಡಲಿಗೆ ಅರ್ಜಿಯನ್ನು ಸಲ್ಲಿಸುತ್ತಾನೆ. ಅದರೊಡನೆ ಕಾಲೇಜಿನ ದೃಢೀಕರಣ ಮತ್ತು ಶುಲ್ಕ. ಅನೇಕ ಸಂಸ್ಥಾನಗಳಲ್ಲಿ ಬೆರಳಚ್ಚು ಮತ್ತು ಪೂರ್ವಾಪರಾಧಗಳ ತನಿಖೆ. ಕೆಲವೆಡೆ ಪ್ರವೇಶದೊಡನೆಯೇ ಪರವಾನಗಿ ದೊರೆಯುತ್ತದೆ. ಕೆಲವೆಡೆ ವ್ಯಾಸಂಗದ ಒಂದು ಭಾಗ ಮುಗಿದಿರಬೇಕು. ಕ್ಯಾಲಿಫೋರ್ನಿಯದ ಶಾಸನವು ವಿದ್ಯಾರ್ಥಿಗೆ ಒಂದರಿಂದ ಆರು ವರ್ಷಗಳ ಅವಧಿಯ ಪರವಾನಗಿಯನ್ನು ಕೊಡಲು ಅವಕಾಶ ಮಾಡಿದೆ. ಇದು ವಿದ್ಯಾರ್ಥಿತ್ವಕ್ಕೆ ಅಂಟಿಕೊಂಡ ಅಧಿಕಾರ; ವ್ಯಾಸಂಗವನ್ನು ನಡುವೆ ಬಿಟ್ಟವನು ಇದನ್ನು ಇಟ್ಟುಕೊಳ್ಳುವಂತಿಲ್ಲ.

ಪರವಾನಗಿಯಿಂದ ದೊರೆಯುವುದೇನು? ಸಾಮಾನ್ಯ ಸಹಾಯಕನು ಮಾಡಲಾಗದ ಕೆಲಸಗಳನ್ನು, ಎಂದರೆ ಔಷಧಚೀಟಿಯ ವಿವೇಚನೆ, ರೋಗಿಗೆ ಔಷಧದ ವಿಚಾರವಾಗಿ ತಿಳಿವಳಿಕೆ ಹೇಳುವುದು ಮೊದಲಾದವುಗಳನ್ನು, ಇಂಟರ್ನನು ಪರವಾನಗಿಯುಳ್ಳ ಫಾರ್ಮಸಿಸ್ಟನ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಒಬ್ಬನೇ ಔಷಧಾಲಯವನ್ನು ನಡೆಸುವಂತಿಲ್ಲ. ಅವನ ಕೆಲಸಕ್ಕೆ ಮೇಲ್ವಿಚಾರಕನು ಹೊಣೆ. ಆದರೆ ಅವನೂ ಹೊಣೆಯಿಂದ ಹೊರಗಲ್ಲ. ದುರ್ನಡತೆಗಾಗಿ ಮಂಡಲಿಯು ಅವನ ಪರವಾನಗಿಯನ್ನು ರದ್ದುಮಾಡಬಹುದು. ಆ ಕಳಂಕ ಮುಂದಿನ ಅರ್ಜಿಗೂ ಅಡ್ಡಬರುತ್ತದೆ. ಹಳೆಯ ಹುಡುಗನು ಯಜಮಾನನಿಗೆ ಮಾತ್ರ ಉತ್ತರ ಹೇಳಬೇಕಾಗಿತ್ತು. ಇಂಟರ್ನನು ಸಾರ್ವಜನಿಕರಿಗೆ ಉತ್ತರ ಹೇಳಬೇಕಾಗಿದೆ.

ಅಂಗಡಿಯ ಅನುಭವವೂ ಅಳಿಯಲಿಲ್ಲ; ಗಂಟೆಗಳ ಲೆಕ್ಕವಾಗಿ ಪಾಠಕ್ರಮದೊಳಗೆ ಸೇರಿತು. ಕಾಲೇಜುಗಳಿಗೆ ಮಾನ್ಯತೆ ನೀಡುವ ಸಮಿತಿಯ ಮಾನದಂಡಗಳಂತೆ ಫಾರ್ಮ್.ಡಿ. ವಿದ್ಯಾರ್ಥಿಯು ಆರಂಭದ ಹಂತದಲ್ಲಿ ೩೦೦ ಗಂಟೆಗಳನ್ನೂ ಕೊನೆಯ ಹಂತದಲ್ಲಿ ೧,೪೪೦ ಗಂಟೆಗಳನ್ನೂ ಔಷಧಾಲಯ, ಆಸ್ಪತ್ರೆಗಳಲ್ಲಿ ಕಳೆಯಬೇಕು. ಕ್ಯಾಲಿಫೋರ್ನಿಯದ ಶಾಸನವು ವಿಧಿಸಿದ್ದ ೧,೫೦೦ ಗಂಟೆಗಳು, ೨೦೧೬ರ ಅನಂತರ ಇಂಥ ಕಾಲೇಜುಗಳಿಂದ ಪದವಿ ಪಡೆದವರ ವಿಷಯದಲ್ಲಿ, ಪೂರೈಸಿದಂತೆಯೇ ಎಣಿಸಲ್ಪಡುತ್ತವೆ. ಪ್ರೆಸ್ಕಾಟನೂ ಅವನ ವಿರೋಧಿಗಳೂ ಒಂದೇ ಪಾಠಕ್ರಮದಲ್ಲಿ ರಾಜಿಯಾದರೆನ್ನಬಹುದು.

ಈ ವಿಚಾರವು ನಮ್ಮ ನಾಡಿನ ಪದವೀಧರರಿಗೂ ಸಂಬಂಧಿಸಿದೆ. ವಿದೇಶೀ ಪದವೀಧರರು ಆ ದೇಶದಲ್ಲಿ ಇಂಟರ್ನ್ ಆಗಬೇಕಾದರೆ ಸಾಮಾನ್ಯವಾಗಿ ಮೊದಲು ಮಂಡಲಿಗಳ ರಾಷ್ಟ್ರೀಯ ಸಂಘದ ಪರೀಕ್ಷೆಯನ್ನೂ ಇಂಗ್ಲಿಷ್ ಭಾಷಾಪರೀಕ್ಷೆಯನ್ನೂ ದಾಟಿ ಪ್ರಮಾಣಪತ್ರವನ್ನು ಪಡೆಯಬೇಕು. ೨೦೦೩ರಿಂದೀಚೆಗೆ ಪದವಿ ಪಡೆದವರಿಗೆ ಐದು ವರ್ಷಗಳ ಔಷಧ ಪಾಠಕ್ರಮ ಆವಶ್ಯಕ. ನಮ್ಮ ನಾಲ್ಕು ವರ್ಷಗಳ ಬಿ.ಫಾರ್ಮ್. ಮಾತ್ರ ಇದಕ್ಕೆ ಸಾಲದು. ಭಾರತದಲ್ಲಿ ೨೦೦೮ರಲ್ಲಿ ಆರಂಭವಾದ ಫಾರ್ಮ್.ಡಿ. ಆರು ವರ್ಷಗಳದು, ಅದರಲ್ಲಿ ಕೊನೆಯ ವರ್ಷ ಇಂಟರ್ನ್ ವೃತ್ತಿಗೇ ಮೀಸಲು.

ನಮ್ಮಲ್ಲಿಯೂ ತರಬೇತಿ ಇಲ್ಲದಿಲ್ಲ. ೧೯೯೧ರ ಶಿಕ್ಷಣ ನಿಯಮಗಳು ಡಿಪ್ಲೊಮಾ ವಿದ್ಯಾರ್ಥಿಗೆ ೫೦೦ ಗಂಟೆಗಳ ತರಬೇತಿಯನ್ನು ವಿಧಿಸಿದುವು. ಅದರಲ್ಲಿ ೨೫೦ ಗಂಟೆಗಳಾದರೂ ಔಷಧಚೀಟಿಯಂತೆ ಔಷಧ ನೀಡುವ ಕೆಲಸವೇ ಆಗಿರಬೇಕಿತ್ತು. ಆದರೆ ೧೯೪೮ರ ಫಾರ್ಮಸಿ ಶಾಸನದಂತೆ ಹೆಸರು ರಿಜಿಸ್ಟರಿಗೇರುವುದು ವ್ಯಾಸಂಗ, ತರಬೇತಿಗಳೆರಡೂ ಮುಗಿದ ಮೇಲೆ. ಕಲಿಯುತ್ತಿರುವಾಗ ವಿದ್ಯಾರ್ಥಿಗೆ ಕಾನೂನಿನಲ್ಲಿ ಸ್ವಂತದ ಸ್ಥಾನವಿಲ್ಲ. ಗಂಟೆಗಳನ್ನು ಕಾಗದದ ಮೇಲೆ ತುಂಬುವುದು ಸುಲಭ. ಆ ಗಂಟೆಗಳಿಗೆ ಹೊಣೆಗಾರಿಕೆಯನ್ನು ತುಂಬುವುದು ಕಷ್ಟ. ಇಂಟರ್ನ್ ಪರವಾನಗಿಯ ಇತಿಹಾಸವು ಕಲಿಸುವ ಪಾಠ ಇದೇ: ಕಲಿಯುವವನನ್ನು ಹೊಣೆಗಾರನೆಂದು ಮೊದಲೇ ಗುರುತಿಸಿದ ಸಮಾಜವು ರೋಗಿಯನ್ನೂ ಚೆನ್ನಾಗಿ ಕಾಪಾಡುತ್ತದೆಂಬುದು ನಮ್ಮ ಅಭಿಪ್ರಾಯ.