ಹಾಟ್‌ಪ್ಲಗ್ ಕೈಪಿಡಿಗಳಲ್ಲಿ ಕರ್ತೃಪದದ ಅಗತ್ಯ

ಚಾಲನೆಯಲ್ಲಿರುವ ವರ್ಚುಯಲ್ ಯಂತ್ರವನ್ನು ನಿಲ್ಲಿಸದೆಯೇ ಅದಕ್ಕೆ ಹೊಸ ಪ್ರೊಸೆಸರನ್ನು ಒದಗಿಸುವ ಕ್ರಮವೇ ಹಾಟ್‌ಪ್ಲಗ್. ಕೈಪಿಡಿಯು ‘ಪ್ರೊಸೆಸರ್ ಸೇರಿಸಿ’ ಎಂದಷ್ಟೇ ಹೇಳಿದರೆ ಅರ್ಥ ಅಸ್ಪಷ್ಟವಾಗಿ ಉಳಿಯುತ್ತದೆ. ಲಿನಕ್ಸ್ ಕರ್ನಲ್ ಇಲ್ಲಿ ಸಾಧ್ಯ, ಉಪಸ್ಥಿತ, ಸಕ್ರಿಯ ಎಂಬ ಮೂರು ಸ್ಥಿತಿಗಳನ್ನು ಗುರುತಿಸುತ್ತದೆ. ಕ್ಯೂಎಮು ತಂತ್ರಾಂಶದಲ್ಲಿ ನಿರ್ವಾಹಕನು ಗರಿಷ್ಠ ಸಂಖ್ಯೆಯನ್ನು ಆರಂಭದಲ್ಲಿಯೇ ಘೋಷಿಸಬೇಕು. 2 ಪ್ರೊಸೆಸರುಗಳಿಂದ ಆರಂಭಿಸಿ ಗರಿಷ್ಠ 4 ಎಂದು ಘೋಷಿಸಿದ ಯಂತ್ರಕ್ಕೆ 5ನೆಯದು ಸೇರದು. ನಿರ್ವಾಹಕನು ಹೊರಗಿನಿಂದ ಸೇರಿಸಿದ 3ನೆಯದು ಉಪಸ್ಥಿತವಾಗುತ್ತದೆ. ಆದರೆ ಒಳಗಿನ ಕಾರ್ಯಾಚರಣ ವ್ಯವಸ್ಥೆಯು ಅದನ್ನು ಸಕ್ರಿಯಗೊಳಿಸುವವರೆಗೆ ಅದು ಕೆಲಸ ಮಾಡದು. ಈ ಭೇದವನ್ನು ಕೈಪಿಡಿ ಮರೆತರೆ, ಪ್ರೊಸೆಸರ್ ನಿಷ್ಕ್ರಿಯವಾಗಿ ಉಳಿದ ಕಾರಣ ನಿರ್ವಾಹಕನಿಗೆ ತಿಳಿಯದು. ವಕ್ತೃವಿನ ವಿವರವಿಲ್ಲದ ಜಾನಪದ ಸಂಗ್ರಹದಂತೆ, ಮಾಡುವವರು ಯಾರೆಂದು ಹೇಳದ ಸೂಚನೆಯೂ ಅಪೂರ್ಣ ದಾಖಲೆಯೇ.