ಬೋಟಿನ ಗ್ಯಾಸ್‌ಗೆ ಹೊರಗೆ ಹೋಗೋ ದಾರಿ ಇಲ್ಲ

ಜೂನ್ 1ರಿಂದ ಜುಲೈ 31. ಒಟ್ಟು 61 ದಿನ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಇದು ರಿಪೇರಿ ಕಾಲ. ಇಂಜಿನ್ ಬಿಚ್ಚೋಕೆ ಮೆಕ್ಯಾನಿಕ್ ಬರ್ತಾನೆ, ಬಲೆಗೆ ಬಲೆ ಕೆಲಸದವರು ಬರ್ತಾರೆ. ಆದರೆ ಅಡುಗೆ ಗ್ಯಾಸಿನ ಪೈಪು, ರೆಗ್ಯುಲೇಟರ್ ನೋಡೋರು ಯಾರು? ಸಾಮಾನ್ಯವಾಗಿ, ಯಾರ ಕೈಯಲ್ಲಿ ಸ್ಪ್ಯಾನರ್ ಇದೆಯೋ ಅವರು.

"ಮನೇಲೂ ನಾವೇ ಸಿಲಿಂಡರ್ ಬದಲಾಯಿಸ್ತೀವಿ, ಬೋಟಲ್ಲಿ ಏನು ಮಹಾ?" ಅಂತ ನೀವು ಕೇಳಬಹುದು. ಸ್ವಾಮಿ, ವ್ಯತ್ಯಾಸ ಅಲ್ಲೇ ಇರೋದು. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೆ ಏರಲ್ಲ, ನೀರಿನ ಹಾಗೆ ಕೆಳಕ್ಕೆ ಹರಿಯುತ್ತೆ. ಮನೆಯಲ್ಲಾದರೆ ಬಾಗಿಲು ತೆರೆದರೆ ಹೊಸ್ತಿಲು ದಾಟಿ ಅಂಗಳಕ್ಕೆ ಹೋಗುತ್ತೆ. ಬೋಟಿನಲ್ಲಿ ಎಲ್ಲಿಗೆ ಹೋಗಬೇಕು? ನೀರು ಒಳಗೆ ಬರಬಾರದು ಅಂತ ಕಟ್ಟಿದ ಬೋಟು ಅದು. ಒಳಗೆ ಬಿದ್ದ ಗ್ಯಾಸನ್ನೂ ಹೊರಗೆ ಬಿಡಲ್ಲ. ಹಲಗೆಯ ಸಂದಿಯಲ್ಲಿ ಇಳಿದು ತಳದಲ್ಲಿ ಕೂರುತ್ತೆ. ಆ ತಳದಲ್ಲೇ ಇಂಜಿನ್, ಬ್ಯಾಟರಿ, ನೀರೆತ್ತುವ ಪಂಪು ಇರುತ್ತವೆ.

ಒಂದು ಸಣ್ಣ ಲೆಕ್ಕ ನೋಡಿ. ಗಾಳಿಯಲ್ಲಿ ಈ ಗ್ಯಾಸ್ ಸುಮಾರು ಶೇಕಡ 2ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಎರಡೂವರೆ ಮೀಟರ್ ಉದ್ದ, 2 ಮೀಟರ್ ಅಗಲ, 2 ಮೀಟರ್ ಎತ್ತರದ ಮುಚ್ಚಿದ ಜಾಗ ಇಟ್ಟುಕೊಳ್ಳಿ. ಅದನ್ನು ಅಪಾಯದ ಮಟ್ಟಕ್ಕೆ ತರೋಕೆ ಅರ್ಧ ಕೆಜಿಗಿಂತ ಕಡಿಮೆ ಗ್ಯಾಸ್ ಸಾಕು. ಮನೆಗೆ ಬರುವ ಸಿಲಿಂಡರಿನಲ್ಲಿ ಇರೋದು 14.2 ಕೆಜಿ. (ಮನೆಯ ಸಿಲಿಂಡರ್ ಬೋಟಿಗೆ ಒಯ್ಯೋದೇ ಕಾನೂನು ಒಪ್ಪದ ಮಾತು. ಆ ಜಗಳ ಇನ್ನೊಂದು ದಿನಕ್ಕಿರಲಿ.)

ವಾಸನೆ ಬರುತ್ತಲ್ಲ ಅಂತೀರಿ. ಆ ವಾಸನೆ ಗ್ಯಾಸಿನದ್ದಲ್ಲ, ಸೋರಿಕೆ ಗೊತ್ತಾಗಲಿ ಅಂತ ಬೆರೆಸಿದ ಮರ್ಕ್ಯಾಪ್ಟಾನ್‌ದು. ಡೀಸೆಲ್, ಮೀನು, ಬಲೆ, ಬೆವರು, ಇವೆಲ್ಲದರ ನಡುವೆ, ಅದೂ ನಿದ್ದೆಯಲ್ಲಿ, ಅದನ್ನು ಹಿಡಿಯೋ ಮೂಗು ಯಾರಿಗಿದೆ?

ಇನ್ನು ನಮ್ಮ 'ಕೈಕೆಲಸ'. ಹಲಗೆಗೆ ತೂತು ಕೊರೆದು ರಬ್ಬರ್ ಪೈಪ್ ತೂರಿಸೋದು. ಅಲೆಗೆ ಬೋಟು ಅಲುಗಿದಷ್ಟೂ ಪೈಪು ಆ ತೂತಿನ ಅಂಚಿಗೆ ಉಜ್ಜುತ್ತೆ. ಕ್ಲಿಪ್ ಸಿಗದಿದ್ದರೆ ತಂತಿ ಸುತ್ತೋದು. ಉಪ್ಪು ಗಾಳಿಗೆ ತುಕ್ಕು ಹಿಡಿದ ರೆಗ್ಯುಲೇಟರನ್ನು ಎಣ್ಣೆ ಹಾಕಿ ಇನ್ನೊಂದು ಸೀಸನ್ ಓಡಿಸೋದು. ಜಾಗ ಇಲ್ಲ ಅಂತ ಸಿಲಿಂಡರ್ ಮಲಗಿಸೋದಂತೂ ಎಲ್ಲಕ್ಕಿಂತ ಕೆಟ್ಟದ್ದು. ಮಲಗಿದ ಸಿಲಿಂಡರಿನಿಂದ ಆವಿಯ ಬದಲು ದ್ರವವೇ ಪೈಪಿಗೆ ನುಗ್ಗಬಹುದು. ಒಂದು ಲೀಟರ್ ದ್ರವ ಅಂದರೆ ಇನ್ನೂರೈವತ್ತು ಲೀಟರ್ ಆಸುಪಾಸಿನ ಗ್ಯಾಸ್.

ಇಂಗ್ಲೆಂಡಿನ ಕಾಲುವೆಗಳಲ್ಲಿ ಬೋಟನ್ನೇ ಮನೆ ಮಾಡಿಕೊಂಡವರಿದ್ದಾರೆ. ಸ್ಪ್ಯಾನರ್ ಹಿಡಿಯೋ ಚಪಲ ಅವರಿಗೂ ಇದೆ. ಆದರೆ ಅಲ್ಲಿ ಬೋಟ್ ಸೇಫ್ಟಿ ಸ್ಕೀಮ್ ಅಂತ ಒಂದು ವ್ಯವಸ್ಥೆ ಇದೆ. 4 ವರ್ಷಕ್ಕೊಮ್ಮೆ ಪರೀಕ್ಷೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಿಂದ ಗ್ಯಾಸ್ ಬೋಟಿನ ಒಳಗೆ ಇಳಿಯಬಾರದು, ನೇರ ಹೊರಕ್ಕೆ ಹೋಗಬೇಕು. ಇದಕ್ಕೆ ರಾಕೆಟ್ ವಿಜ್ಞಾನ ಬೇಕಾ? ಒಂದು ಪೆಟ್ಟಿಗೆ, ಒಂದು ತೂತು. ಮಲ್ಪೆಯ ಯಾವ ಬಡಗಿಯೂ ಅರ್ಧ ದಿನದಲ್ಲಿ ಮಾಡಿಕೊಡ್ತಾನೆ.

ಹಾಗಾಗಿ ಬೋಟಿನ ಮಾಲೀಕರಿಗೆ ನನ್ನ ಮಾತು ಇಷ್ಟೇ. ಪೆಟ್ಟಿಗೆ ನೀವೇ ಮಾಡಿಸಿ, ಆದರೆ ತೆರೆದ ಡೆಕ್ಕಿನ ಮೇಲೆ ಇರಲಿ, ಸಿಲಿಂಡರ್ ನೆಟ್ಟಗೆ ನಿಲ್ಲಲಿ, ಹಗ್ಗದಲ್ಲಿ ಬಿಗಿಯಾಗಿರಲಿ. ಐಎಸ್ಐ ಗುರುತಿನ ಸುರಕ್ಷಾ ಪೈಪನ್ನು 5 ವರ್ಷಕ್ಕೆ ಬದಲಾಯಿಸಬೇಕು. ಉಪ್ಪು ನೀರಿನಲ್ಲಿ ಅಷ್ಟು ದಿನ ಕಾಯಬೇಡಿ. ಜೋಡಣೆ ಮಾತ್ರ ಕೆಲಸ ಬಲ್ಲ ಗ್ಯಾಸ್ ಮೆಕ್ಯಾನಿಕ್‌ನಿಂದಲೇ ಆಗಲಿ. ಆಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತಾ ನೋಡಿ. ಬೆಂಕಿಕಡ್ಡಿ ಗೀರಿ ನೋಡೋ ಮಹಾನುಭಾವರು ಈಗಲೂ ಇದ್ದಾರೆ, ಅವರನ್ನು ಹತ್ತಿರ ಬಿಡಬೇಡಿ.

ತಾಂಡೇಲರಿಗೆ, ಕಲಾಸಿಗಳಿಗೆ ಇನ್ನೊಂದು ಮಾತು. ಸಮುದ್ರದಲ್ಲಿ ಹತ್ತು ದಿನ ಇರ್ತೀರಿ, ಅಲ್ಲಿಗೆ ಅಗ್ನಿಶಾಮಕ ವಾಹನ ಬರಲ್ಲ. ಬೆಳಗಿನ ಜಾವ ವಾಸನೆ ಬಂತು ಅಂದರೆ ಇಂಜಿನ್ ಸ್ಟಾರ್ಟ್ ಮಾಡಬೇಡಿ, ಪಂಪಿನ ಸ್ವಿಚ್ ಮುಟ್ಟಬೇಡಿ, ಬೀಡಿ ಹಚ್ಚಬೇಡಿ. ಸಿಲಿಂಡರಿನ ವಾಲ್ವ್ ಮುಚ್ಚಿ, ಎಲ್ಲ ಮುಚ್ಚಳ ತೆರೆದು, ಮಲಗಿದವರನ್ನೆಲ್ಲ ಎಬ್ಬಿಸಿ ಡೆಕ್ಕಿಗೆ ಬನ್ನಿ. ತಳದ ಗ್ಯಾಸ್ ಪೂರ್ತಿ ಹೋಗೋವರೆಗೆ ಇಂಜಿನ್ ಹಾಗೇ ಇರಲಿ, ಬಲೆ ಎಳೆಯೋ ಹೊತ್ತು ಮೀರಿದರೂ ಸರಿ.